ಕೊನೆ ನೋಡಿ ಬಂದ ಶಂಕರಪ್ಪನವರು

ಇವತ್ತು ಬೆಳಿಗ್ಗೆ ಅಟ್ಟದಿಂದ ಒಂದು ಕಾಯಿ ಇಳಿಸಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಉರುಳಿತು. ಅಥವಾ ಉರುಳಿದಂತೆ ಅನ್ನಿಸಿತು. ಕಾಯಿಯನ್ನು ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಒಡೆಯಬೇಕು. ನಾನು ಕೇಳಿತೆಂದುಕೊಂಡು ಒಡೆದೆ. ಹುಳಿ ನೀರು ಮುಖಕ್ಕೆ ಸಿಡಿಯಿತು. ತಿಪಟೂರಿನಲ್ಲಿ ಹುಟ್ಟಿ ಬೆಳೆದು, ಇಲ್ಲೇ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದರೂ ಈ ವಿದ್ಯೆ ನನಗೆ ಹತ್ತಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ, ಶಂಕರಪ್ಪನವರನ್ನು ಒಂದು ಮಾತು ಕೇಳಿ ಒಡೆಯಬಾರದಾಗಿತ್ತೇ ಅಂದಳು. ಹೀಗೆ ಬೆಳಿಗ್ಗೆಯೇ ಅವರ ಹೆಸರು ಮನೆಯೊಳಗೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಶಂಕರಪ್ಪನವರದು ಕೊಬ್ಬರಿ ಮಂಡಿ. ಅವರು ಒಂದು ಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಅರೆಮುಚ್ಚಿ, ಎರಡು ಸಲ ಅಲ್ಲಾಡಿಸಿದರೆಂದರೆ ಒಳಗಿರುವುದು ಕೊಬ್ಬರಿಯಾಗಿದೆಯೋ, ಇನ್ನು ಹದಿನೈದು ದಿನ ಬೇಕೋ, ಕೊಳೆತಿದೆಯೋ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಯಾರೂ ಒಡೆದು ನೋಡುತ್ತಿರಲಿಲ್ಲ. ಅವರು ಹೇಳಿದ ಮೇಲೆ ಒಡೆಯುವುದು ಅವರಿಗೆ ಮಾಡುವ ಅವಮಾನ ಎಂಬಂತಿತ್ತು. ಈ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇಡೀ ಊರು ಅವರನ್ನು ನಂಬಿ ಕೆಟ್ಟದ್ದು, ಕೆಟ್ಟದ್ದೇ ಒಳ್ಳೆಯದಾದದ್ದು, ಎಲ್ಲಕ್ಕೂ ಇದೇ ಮೂಲ.

ಅವರಿಗೆ ನಾಟಕದ ಹುಚ್ಚು. ನನಗೂ ಇದೆ. ತುರುವೇಕೆರೆಯ ಕಲಾವತಿ ಟೀಚರಿಗೆ ನಮ್ಮಿಬ್ಬರನ್ನೂ ಮೀರಿದ್ದು. ಬೆಂಗಳೂರಿನಲ್ಲಿ ಒಳ್ಳೆಯ ನಾಟಕ ಬಂತೆಂದರೆ ಮೂವರೂ ಮಧ್ಯಾಹ್ನದ ರೈಲು ಹತ್ತುತ್ತಿದ್ದೆವು. ನೀವು ಬೆಂಗಳೂರಿನವರಾದರೆ ಮುಂದಿನದು ನಿಮಗೆ ಅರ್ಥವಾಗುವುದು ಕಷ್ಟ. ಅಲ್ಲಿ ನಾಟಕ ಶುರುವಾಗುವುದು ಏಳೂವರೆಗೆ. ನಮ್ಮ ಕೊನೆಯ ರೈಲು ಹಿಡಿಯಬೇಕಾದರೆ ಎಂಟೂವರೆಗೆ ಏಳಬೇಕು. ಉಳಿದುಕೊಳ್ಳಬಹುದಲ್ಲ ಅನ್ನುತ್ತೀರಿ. ಬೆಳಿಗ್ಗೆ ಶಂಕರಪ್ಪನವರಿಗೆ ಮಂಡಿ, ಟೀಚರಿಗೆ ಹಾಲು ಕರೆಯಬೇಕಾದ ಎರಡು ಸೀಮೆಹಸು, ನನಗೆ ಮೊದಲನೇ ಪೀರಿಯಡ್ಡು. ಹಾಗಾಗಿ ನಾಯಕ ಕತ್ತಿ ಎತ್ತಿದ ಕ್ಷಣದಲ್ಲಿ, ನಾಯಕಿ ಬಾಯಿ ತೆರೆದ ಕ್ಷಣದಲ್ಲಿ, ನಾವು ಮೂವರು ಬಗ್ಗಿಕೊಂಡು, ಜನರ ಕಾಲು ತುಳಿಯುತ್ತ, ಕ್ಷಮಿಸಿ ಕ್ಷಮಿಸಿ ಅನ್ನುತ್ತ ಹೊರಗೆ ಬರುತ್ತಿದ್ದೆವು. ನನಗೆ ತಿಳಿದ ಮಟ್ಟಿಗೆ ನಮ್ಮೂರಿನ ಯಾರೂ ಬೆಂಗಳೂರಿನ ಯಾವ ನಾಟಕದ ಕೊನೆಯನ್ನೂ ನೋಡಿದವರಲ್ಲ.

ಕೊನೆಯನ್ನು ನಾವು ರೈಲಿನಲ್ಲಿ ಕಟ್ಟುತ್ತಿದ್ದೆವು. ತುಮಕೂರಿನ ಹೊತ್ತಿಗೆ ನಾಯಕ ಸತ್ತಿರುತ್ತಿದ್ದ. ಗುಬ್ಬಿಯಲ್ಲಿ ಟೀಚರು ಅವನನ್ನು ಬದುಕಿಸುತ್ತಿದ್ದರು. ನಿಟ್ಟೂರು ದಾಟಿದ ಮೇಲೆ ಅವನು ಬದುಕಿಯೂ ಏನು ಪ್ರಯೋಜನ ಎಂದು ನಾನು ತಕರಾರು ತೆಗೆಯುತ್ತಿದ್ದೆ. ತುರುವೇಕೆರೆಗೆ ಹತ್ತಿರದ ಬಾಣಸಂದ್ರದಲ್ಲಿ ಟೀಚರು ಇಳಿದುಬಿಡುತ್ತಿದ್ದರಿಂದ ಅಲ್ಲಿಂದ ತಿಪಟೂರಿನವರೆಗಿನ ತಿದ್ದುಪಡಿಗಳು ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೀಗೆ ಒಂದೇ ನಾಟಕಕ್ಕೆ ತುರುವೇಕೆರೆಯಲ್ಲಿ ಒಂದು ಕೊನೆ, ತಿಪಟೂರಿನಲ್ಲಿ ಇನ್ನೊಂದು. ಆಗ ಬೇಜಾರಾಗುತ್ತಿತ್ತೇ? ಇಲ್ಲವೆಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ನಾನು ಹೆಚ್ಚು ನಂಬುವುದಿಲ್ಲ.

ಹೀಗಿರುವಾಗ ಬೆಂಗಳೂರಿನಲ್ಲಿ 'ಐದನೇ ಅಡಿಗಲ್ಲು' ಬಂತು. ಎರಡು ವರ್ಷವಾಯಿತು, ಮೂರೂ ಇರಬಹುದು. ಒಬ್ಬ ಮಂತ್ರಿ ಒಂದೇ ಹಳ್ಳಿಯಲ್ಲಿ ಒಂದೇ ಆಸ್ಪತ್ರೆಗೆ ಬೇರೆ ಬೇರೆ ಪಕ್ಷದಿಂದ ಬಂದು ನಾಲ್ಕು ಸಲ ಅಡಿಗಲ್ಲು ಹಾಕಿರುತ್ತಾನೆ. ಐದನೆಯದಕ್ಕೆ ಬಂದಾಗ, ಹೆರಿಗೆಗೆಂದು ಹೊರಟ ಮಗಳನ್ನು ದಾರಿಯಲ್ಲೇ ಕಳೆದುಕೊಂಡ ತಾಯಿಯೊಬ್ಬಳು ಹೋಗಿ ಕಲ್ಲಿನ ಮೇಲೆ ಕೂತುಬಿಡುತ್ತಾಳೆ. ನಿನ್ನ ಐದು ಕಲ್ಲಲ್ಲಿ ನನ್ನ ಮಗಳು ಯಾವುದರ ಕೆಳಗವಳೆ ಎಂದು ಕೇಳುತ್ತಾಳೆ. ಆ ಸಲ ನನಗೆ ಪರೀಕ್ಷೆಯ ಕೆಲಸ, ಟೀಚರಿಗೆ ನಾದಿನಿಯ ಮದುವೆ. ಶಂಕರಪ್ಪನವರು ಒಬ್ಬರೇ ಹೋದರು.

ವಾಪಸು ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಮಂಡಿಯ ಕಟ್ಟೆಯ ಮೇಲೆ ಅವರು ಕಥೆಯನ್ನು ಅಲ್ಲಿಯವರೆಗೆ ಹೇಳಿದ್ದೇ ಟೀಚರು ಎಂದಿನಂತೆ ಕೆಣಕಿದರು. ಆ ತಾಯಿ ಕಲ್ಲಿನ ಮೇಲೆ ಕೂತಿದ್ದೇ ತಾವು ಓಡಿ ಬಂದಿರಬೇಕಲ್ಲ ಅಂದರು. ಶಂಕರಪ್ಪನವರು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿ, ಆವತ್ತು ರೈಲು ಒಂದು ಗಂಟೆ ತಡವೆಂದು ಮೊಬೈಲಿನಲ್ಲಿ ಬಂತು, ಕೊನೆವರೆಗೂ ಕೂತಿದ್ದೆ ಅಂದರು. ನಾವು ಅವರನ್ನೇ ನೋಡಿದೆವು. ಚಂದ್ರನ ಮೇಲೆ ಇಳಿದು ಬಂದವನನ್ನು ನೋಡುವ ಹಾಗೆ. ಆಮೇಲೆ ಅವರು ಕೊನೆಯನ್ನು ಹೇಳಿದರು. ಮಂತ್ರಿ ತಲೆಯ ಮೇಲಿನ ಪೇಟ ತೆಗೆದು ಕಲ್ಲಿನ ಮೇಲಿಡುತ್ತಾನೆ. ರಂಗದ ಮೆಟ್ಟಿಲು ಇಳಿದು ಜನರ ನಡುವೆ ಬರುತ್ತಾನೆ. ಕೈಮುಗಿದು, ತಪ್ಪಾಯ್ತು ಅನ್ನುತ್ತಾನೆ. ಅಷ್ಟೇ.

ಮಂಡಿಯಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದ್ದರು. ಅವರಲ್ಲಿ ಹಿರಿಯಳು ಹುಳಿಯಾರಿನ ಕಡೆಯ ಗೌರಮ್ಮ. ನಾಟಕದ ವಿಷಯದಲ್ಲಿ ಆವರೆಗೆ ಒಂದು ಮಾತೂ ಆಡದವಳು ಮಚ್ಚನ್ನು ಕೆಳಗಿಟ್ಟು ಕೇಳಿದಳು:

"ಮಂತ್ರಿ ಇಳ್ದು ಬಂದ್ನಾ ಯಜಮಾನ್ರೇ?"

"ಬಂದ ಕಣಮ್ಮ."

"ಬಾಯ್ಬುಟ್ಟು ಅಂದ್ನಾ, ತಪ್ಪಾಯ್ತು ಅಂತ?"

"ಅಂದ."

"ಅಂಗಾದ್ರೆ ಆ ನಾಟ್ಕ ನಾನು ನೋಡ್ಬೇಕು ಕಣ್ರೀ. ಇಲ್ಲೀಗಂಟ ಎಲ್ಲೂ ನೋಡಿಲ್ಲ."

ಅಲ್ಲಿಂದ ಆ ಕೊನೆ ಶಂಕರಪ್ಪನವರ ಕೈ ತಪ್ಪಿತು. ಗೌರಮ್ಮ ಹುಳಿಯಾರಿನ ಬಸ್ಸಿನಲ್ಲಿ ಹೇಳಿದಳು. ಕಾಯಿ ಕೀಳುವವರು ಬಿಳಿಗೆರೆಯಲ್ಲಿ ಮರದಿಂದ ಮರಕ್ಕೆ ಹೇಳಿದರು. ಟೀಚರು ಎಷ್ಟೇ ಅನುಮಾನವಿದ್ದರೂ ಎಂಟನೇ ತರಗತಿಯಲ್ಲಿ ಹೇಳಿದರು. ಒಬ್ಬ ಮಂತ್ರಿ ತಪ್ಪಾಯ್ತು ಅನ್ನುವ ನಾಟಕವಂತೆ ಎಂದು ದಬ್ಬೇಘಟ್ಟದಿಂದ ಗೊತ್ತುಪರಿಚಯವಿಲ್ಲದವರು ಬಂದು ಮಂಡಿಯಲ್ಲಿ ವಿಚಾರಿಸತೊಡಗಿದರು. ಅದನ್ನು ಇಲ್ಲಿಗೇ ಯಾಕೆ ತರಿಸಬಾರದು ಎಂಬ ಮಾತು ಎದ್ದಿತು. ಮೊದಲು ಎಬ್ಬಿಸಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ಟೀಚರು ತಾವೆನ್ನುತ್ತಾರೆ. ಮಂಡಿಯ ಗುಮಾಸ್ತನೂ ತಾನೆನ್ನುತ್ತಾನೆ. ಶಂಕರಪ್ಪನವರು ಎಬ್ಬಿಸಲಿಲ್ಲ ಎಂಬುದೊಂದು ಮಾತ್ರ ಖಚಿತ. ಆಗ ನಮಗದು ಅವರ ಸಂಕೋಚವಾಗಿ ಕಂಡಿತ್ತು.

ತಂಡದವರು ಒಪ್ಪಿದರು. ಆಮೇಲೆ ಶುರುವಾಯಿತು ನೋಡಿ ಕಾಯುವ ಹಬ್ಬ. ಮೊದಲ ತಾರೀಖಿಗೆ ಮಂತ್ರಿಯ ಪಾತ್ರಧಾರಿಗೆ ಕಾಮಾಲೆ. ನಾವು ನೆಲನೆಲ್ಲಿ ಕಷಾಯದ ವಿಧಾನ ಬರೆದು ಕಳಿಸಿದೆವು. ಎರಡನೇ ತಾರೀಖಿಗೆ ಚುನಾವಣೆಯ ನೀತಿ ಸಂಹಿತೆ. ಅನುಮತಿ ಕೊಡಬೇಕಾದವರು, ಈ ಮಂತ್ರಿ ಯಾವ ಪಕ್ಷದವನು ಎಂದು ಕೇಳಿದರು. ಎಲ್ಲ ಪಕ್ಷದವನೂ ಹೌದು ಎಂದೆ. ಹಾಗಾದರೆ ಎಲ್ಲರಿಗೂ ಬೇಜಾರಾಗುತ್ತದಲ್ಲ ಸಾರ್ ಎಂದು ಆತ ನಿಜವಾಗಿಯೂ ಮರುಗಿದರು. ಮೂರು ತಿಂಗಳು ಹೀಗೆ. ಆ ಮೂರು ತಿಂಗಳು ಊರಿನವರ ಬಾಯಲ್ಲಿ ನಾಟಕ ದಿನಾ ನಡೆಯಿತು. ಮಂತ್ರಿ ಬಲಗಡೆ ಮೆಟ್ಟಿಲಿನಿಂದ ಇಳಿಯುತ್ತಾನೋ ಎಡಗಡೆಯಿಂದಲೋ ಎಂಬುದಕ್ಕೆ ಟೀ ಅಂಗಡಿಯಲ್ಲಿ ಜಗಳವಾಯಿತು. ನಿರ್ಣಯಕ್ಕೆ ಶಂಕರಪ್ಪನವರ ಹತ್ತಿರ ಬಂದರು. ಎಡಗಡೆ ಎಂದು ಅವರು ಕ್ಷೀಣವಾಗಿ ಹೇಳಿದರು.

ಪ್ರದರ್ಶನಕ್ಕೆ ಒಂದು ವಾರವಿರುವಾಗ ಅವರು ನನ್ನನ್ನು ಗೋದಾಮಿಗೆ ಕರೆದರು. ಚೀಲಗಳ ಸಂದಿಯಲ್ಲಿ ನಿಲ್ಲಿಸಿಕೊಂಡು, ಆ ಕಡೆ ಈ ಕಡೆ ನೋಡಿ ಹೇಳಿದರು:

"ಮೇಷ್ಟ್ರೇ, ನಾನು ಕೊನೆ ನೋಡಿಲ್ಲ ಕಣ್ರೀ."

"ರೈಲು ತಡ ಇತ್ತು ಅಂದ್ರಲ್ಲ."

"ತಡ ಇದ್ದಿದ್ದು ದಿಟ. ಕಾಲು ಕೇಳ್ಬೇಕಲ್ಲ? ಎಂಟೂವರೆ ಆಯ್ತು ಅಂದ್ರೆ ತಾವಾಗೇ ಏಳ್ತವೆ. ಎದ್ದು ಬಂದ್ಬುಟ್ಟೆ. ಸ್ಟೇಷನ್ನಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೆ, ಪೆದ್ದನಂಗೆ."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಮತ್ತೆ ಆ ಮಂತ್ರಿ, ಆ ಪೇಟ, ಆ ಮೆಟ್ಟಿಲು? ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಯೋಚಿಸಿದರಂತೆ. ಮುಕ್ಕಾಲು ನಾಟಕ ಅಲ್ಲಾಡಿಸಿ ನೋಡಿದ್ದೆ, ಉಳಿದದ್ದು ಹೀಗೇ ಇರಬೇಕು ಎಂದು ಕಿವಿಗೆ ಕೇಳಿಸಿತು ಅಂದರು. ಜೀವನದಲ್ಲಿ ಮೊದಲ ಸಲ ಜನ ತಮ್ಮ ಮಾತನ್ನು ಒಡೆದು ನೋಡುತ್ತಾರೆ ಎನ್ನುವ ಭಯ ಅವರಿಗೆ ಹತ್ತಿತ್ತು. ನಾಟಕದಲ್ಲಿ ಮಂತ್ರಿ ಇಳಿಯದೆ ಹೋದರೆ, ಅದನ್ನೇ ನೆಚ್ಚಿಕೊಂಡು ಹುಳಿಯಾರಿನಿಂದ ಬರುವ ಗೌರಮ್ಮನ ಮುಖ ಹೇಗೆ ನೋಡಲಿ ಎಂಬುದೊಂದನ್ನೇ ಮೂರು ಸಲ ಹೇಳಿದರು. ನಿಜವಾದ ಕೊನೆಯನ್ನು ತಂಡದವರಿಗೆ ಫೋನು ಮಾಡಿ ಕೇಳೋಣವೆಂದೆ. ಬೇಡ, ಕೇಳಿಬಿಟ್ಟರೆ ಈ ಒಂದು ವಾರವೂ ಹೋಗುತ್ತದೆ ಅಂದರು.

ಸಂಜೆ ಆರು ಗಂಟೆಗೆ ಮಂಡಿಯ ಅಂಗಳದಲ್ಲೇ ಆಟ. ಲಾರಿಗೆ ಚೀಲ ಏರಿಸುವ ಕಟ್ಟೆಯೇ ರಂಗ. ಅದಕ್ಕೆ ಮೆಟ್ಟಿಲು ಇರುವುದು ಒಂದೇ ಕಡೆ, ಅದೂ ಬಲಗಡೆ. ಅದನ್ನು ನೋಡಿದ್ದೇ ಶಂಕರಪ್ಪನವರು ಬೆವರಿದರು. ಜನ ಅಂಗಳ ತುಂಬಿ, ಕಾಂಪೌಂಡಿನ ಮೇಲೆ ಕೂತು, ಕೊಬ್ಬರಿ ಚೀಲದ ಅಟ್ಟಿಗಳ ಮೇಲೂ ಏರಿದ್ದರು. ಗೌರಮ್ಮ ಹೊಸ ಸೀರೆಯುಟ್ಟು ಮೊದಲ ಸಾಲಿನಲ್ಲೇ ಕೂತಿದ್ದಳು, ಮೆಟ್ಟಿಲಿನ ಎದುರಿಗೇ.

ಮೊದಲ ನಾಲ್ಕು ಕಲ್ಲುಗಳಿಗೆ ಜನ ನಕ್ಕ ನಗೆಗೆ ಚೀಲಗಳು ಜಾರುತ್ತವೇನೋ ಅನ್ನಿಸಿತು. ಐದನೆಯದು ಬಂತು. ತಾಯಿ ಹೋಗಿ ಕಲ್ಲಿನ ಮೇಲೆ ಕೂತಳು. ಆಗ ಒಂದು ತಮಾಷೆ ನಡೆಯಿತು. ಟೀಚರು ಬ್ಯಾಗನ್ನು ಹೆಗಲಿಗೇರಿಸಿದರು. ನನ್ನ ಕಾಲು ಚಪ್ಪಲಿ ಹುಡುಕಿತು. ಶಂಕರಪ್ಪನವರು ಅರ್ಧ ಎದ್ದೇಬಿಟ್ಟಿದ್ದರು. ಮೂವರೂ ಪರಸ್ಪರ ನೋಡಿಕೊಂಡು ಕೂತೆವು. ಅಲ್ಲಿಂದ ಮುಂದೆ ನಮಗೆ ದಾರಿ ಗೊತ್ತಿರಲಿಲ್ಲ.

ಮಂತ್ರಿ ಪೇಟ ತೆಗೆಯಲಿಲ್ಲ. ಕೈಬೆರಳಲ್ಲಿ ಸನ್ನೆ ಮಾಡಿದ. ನಾಲ್ಕು ಜನ ಬಂದು ತಾಯಿಯನ್ನು ಕೂತಲ್ಲಿಂದ ಎತ್ತಿ ರಂಗದ ಮೂಲೆಗೆ ಇಟ್ಟರು, ಕುರ್ಚಿ ಸರಿಸುವ ಹಾಗೆ. ಮಂತ್ರಿ ಕಲ್ಲಿಗೆ ಹಾರ ಹಾಕಿ ನಮ್ಮ ಕಡೆ ತಿರುಗಿ ನಕ್ಕ. ಫೋಟೋದ ಬೆಳಕು ಮಿಂಚಿತು. ದೀಪ ಆರಿತು.

ದೀಪ ಮತ್ತೆ ಹತ್ತಿದಾಗ ಕಲಾವಿದರೆಲ್ಲ ಸಾಲಾಗಿ ನಿಂತು ಕೈಮುಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಏಳಲೂ ಇಲ್ಲ. ಅವರಿಗೆ ನಾಟಕ ಮುಗಿದಿರಲಿಲ್ಲ. ಮಂತ್ರಿ ಇಳಿಯುವುದು ಬಾಕಿ ಇತ್ತು. ಕಲಾವಿದರು ಇನ್ನೊಮ್ಮೆ ಕೈಮುಗಿದರು. ಜನ ಕಾದರು. ಎಷ್ಟು ಹೊತ್ತೆಂದು ಕೇಳಬೇಡಿ. ನನ್ನ ನೆನಪಿನಲ್ಲಿ ಅದು ವರ್ಷ ವರ್ಷಕ್ಕೂ ಉದ್ದವಾಗುತ್ತಿದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಶಂಕರಪ್ಪನವರು ಎದ್ದು ನಿಂತರು.

"ನಾಟಕ ಇಷ್ಟೇ ಕಣ್ರಪ್ಪ," ಅಂದರು. "ಅವ್ನು ಇಳ್ದು ಬರೋದು ಇದ್ರಲ್ಲಿಲ್ಲ. ನಾನು ಕೊನೆ ನೋಡಿರ್ನಿಲ್ಲ. ನಿಮಗೆಲ್ಲ ಸುಳ್ಳು ಹೇಳ್ದೆ. ತಪ್ಪಾಯ್ತು."

ಮಂಡಿಯ ಯಜಮಾನರು ತಮ್ಮ ಮಂಡಿಯ ಅಂಗಳದಲ್ಲೇ ಕೈಮುಗಿದು ನಿಂತಿದ್ದರು. ಗೌರಮ್ಮ ಹಿಂತಿರುಗಿ ಅವರನ್ನು ನೋಡಿದಳು. ಆಮೇಲೆ, ಏನೂ ವಿಶೇಷವಿಲ್ಲವೆಂಬಂತೆ ಅಂದಳು:

"ನೀವು ಕೂತ್ಕಳ್ರಿ ಯಜಮಾನ್ರೇ. ನೀವು ಅಂದಿದ್ದಾಯ್ತು. ಈಗ ಅವ್ರು ಇಳೀಲಿ."

ಅಂಗಳವೆಲ್ಲ ಮತ್ತೆ ರಂಗದ ಕಡೆ ತಿರುಗಿ ಕೂತಿತು. ಮಂತ್ರಿಯ ಪಾತ್ರಧಾರಿ ನಿರ್ದೇಶಕರ ಮುಖ ನೋಡಿದ. ನಿರ್ದೇಶಕರು ನೆಲ ನೋಡಿದರು. ಆತ ಪೇಟ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ತಡವರಿಸಿ ಕಲ್ಲಿನ ಮೇಲಿಟ್ಟ. ಬಲಗಡೆಯ ಮೆಟ್ಟಿಲಿನಿಂದಲೇ ಇಳಿದು ಬಂದು ಗೌರಮ್ಮನ ಮುಂದೆ ನಿಂತ. ಅಷ್ಟು ಹೊತ್ತು ಗೋದಾಮು ನಡುಗಿಸಿದ್ದ ಗಂಟಲು ಈಗ ಹತ್ತಿರದವರಿಗಷ್ಟೇ ಕೇಳಿಸಿತು.

"ತಪ್ಪಾಯ್ತು ತಾಯಿ."

ಗೌರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಆಯ್ತು ಬುಡಪ್ಪ. ಆಸ್ಪತ್ರೆ ಕಟ್ಸು."

ಆಮೇಲೆ ಬಿದ್ದ ಚಪ್ಪಾಳೆಯನ್ನು ವರ್ಣಿಸಲು ಹೋಗುವುದಿಲ್ಲ. ಕಾಂಪೌಂಡಿನ ಮೇಲಿದ್ದವರು ಕೆಳಗೆ ಬಿದ್ದರು, ಯಾರಿಗೂ ಏನೂ ಆಗಲಿಲ್ಲ. ಶಂಕರಪ್ಪನವರು ಅಳುತ್ತ ನಗುತ್ತ ಸಿಕ್ಕವರಿಗೆಲ್ಲ ಎಲೆ ಅಡಿಕೆ ಹಂಚಿದರು. ಪೂರ್ತಿ ಸರಿಹೋಯಿತು ಅನ್ನುವಂತಿಲ್ಲ. ಊಟದ ಹೊತ್ತಿಗೆ ನಿರ್ದೇಶಕರು ಗಂಟು ಮೋರೆ ಹಾಕಿ, ಮಂತ್ರಿ ಇಳಿದರೆ ನನ್ನ ನಾಟಕವೇ ಸುಳ್ಳಾಗುತ್ತದೆ, ಅವನು ಇಳಿಯುವುದಿಲ್ಲ ಅನ್ನುವುದೇ ನಾಟಕ ಅಂದರು. ಟೀಚರು ಅವರ ಪಕ್ಷ. ಯೋಚಿಸಿ ನೋಡಿದರೆ ನಾನೂ. ತಂಡದವರು ಮುಂದಿನ ಊರುಗಳಲ್ಲಿ ಹಳೆಯ ಕೊನೆಯನ್ನೇ ಆಡಿದರು. ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರಂತೆ.

ಶಂಕರಪ್ಪನವರ ಮಾತನ್ನು ಜನ ಈಗ ಮೊದಲಿನಂತೆ ಸುಮ್ಮನೆ ನಂಬುವುದಿಲ್ಲ. ಅವರೆದುರೇ ಕಾಯಿ ಒಡೆದು ನೋಡುತ್ತಾರೆ, ಅವರೂ ಕುತ್ತಿಗೆ ಚಾಚಿ ನೋಡುತ್ತಾರೆ. ಅದರಲ್ಲಿ ಅವರಿಗೆ ಏನೋ ಹೊಸ ಖುಷಿ.

ಇವತ್ತು ಹುಳಿ ನೀರು ಸಿಡಿದ ಮುಖ ತೊಳೆದುಕೊಂಡು ಮಂಡಿಗೆ ಹೋದಾಗ ಅವರು ಫೋನಿನಲ್ಲಿದ್ದರು. ಹಾಸನದಿಂದ ಯಾರೋ ವ್ಯಾಪಾರಿ. ನಾಟಕ ಮುಂದಿನ ತಿಂಗಳು ಅವರ ಊರಿಗೆ ಬರುತ್ತದಂತೆ. ಊರೆಲ್ಲ ಅದೇ ಮಾತಂತೆ. ನಿಮ್ಮಲ್ಲಿ ಆಗಿದೆಯಲ್ಲ, ಕೊನೆಯಲ್ಲಿ ಏನಾಗುತ್ತದೆ ಸ್ವಲ್ಪ ಹೇಳಿ ಎಂದು ಆತ ಪೀಡಿಸುತ್ತಿದ್ದ. ಶಂಕರಪ್ಪನವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

"ಕೊನೆ ನಾನು ಹೇಳಲ್ಲ ಸ್ವಾಮಿ," ಅಂದರು. "ಒಂದೇ ಮಾತು. ದೀಪ ಆರಿ ಹತ್ತಿದ ಮ್ಯಾಲೆ ಚಪ್ಪಾಳೆ ತಟ್ಟಕ್ಕೆ ಆತುರ ಬೀಳ್ಬ್ಯಾಡಿ. ಸುಮ್ನೆ ಕೂತಿರಿ. ಎಷ್ಟೊತ್ತಾದ್ರೂ ಕೂತಿರಿ."