ಮಡಿಯ ರೋಗ, ಮೈಲಿಗೆಯ ರೋಗ

ಮೊಲೆ ತೆಗೆಸಿಕೊಂಡು ಬಂದ ಹೆಂಗಸಿಗೆ ಕುಪ್ಪಸ ಹೊಲಿಯುವುದು ಸುಲಭದ ಕೆಲಸವಲ್ಲ. ಅಳತೆ ತೆಗೆದುಕೊಳ್ಳುವಾಗ ಟೇಪು ಎಲ್ಲಿ ಹಿಡಿಯಬೇಕು, ಕಣ್ಣು ಎಲ್ಲಿ ಇಡಬೇಕು ಎಂಬುದನ್ನೇ ಮೊದಲು ಕಲಿಯಬೇಕು. ಒಳಗೆ ತೆಳ್ಳನೆಯ ಬಟ್ಟೆಯದೊಂದು ಚೀಲ ಇಟ್ಟು, ಅದರಲ್ಲಿ ಅರಳೆ ತುಂಬಿ, ಎರಡೂ ಬದಿ ಸಮ ಕಾಣುವಂತೆ ಮಾಡಬೇಕು. ಬರೀ ಅರಳೆ ಹಗುರ, ಮೇಲಕ್ಕೆ ಏರಿಬಿಡುತ್ತದೆ. ಅದಕ್ಕೆ ಅಡಿಯಲ್ಲಿ ಒಂದು ಹಿಡಿ ಸಾಸಿವೆ ಹಾಕುತ್ತೇನೆ. ಕುಂದಗೋಳ ತಾಲೂಕಿನ ನಮ್ಮೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ ಇದನ್ನು ಯಾರೂ ಕಲಿಸಲಿಲ್ಲ. ನಮ್ಮ ಓಣಿಯ ಗೆಳತಿಯೊಬ್ಬಳಿಗೆ ಆ ರೋಗ ಬಂದಾಗ, ಅವಳು ಕನ್ನಡಿಯ ಮುಂದೆ ನಿಂತು ಅಳುವುದನ್ನು ನೋಡಲಾರದೆ, ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ ಕಂಡುಕೊಂಡದ್ದು. ಅವಳಿಂದ ಮಜೂರಿ ತೆಗೆದುಕೊಳ್ಳಲಿಲ್ಲ.

ಆ ಗೆಳತಿಯ ನೆಪದಲ್ಲೇ ಹುಬ್ಬಳ್ಳಿಯ ಒಂದು ಸೇವಾ ಸಂಸ್ಥೆ ನಮ್ಮೂರಿಗೆ ಬಂತು. ಸಂಸ್ಥೆಯ ಮೇಡಂ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಸ್ತನ ಕ್ಯಾನ್ಸರಿನ ಬಗ್ಗೆ ಚೆನ್ನಾಗಿಯೇ ಮಾತನಾಡಿದರು. ನಾಚಿಕೊಳ್ಳಬೇಡಿ, ಮುಚ್ಚಿಡಬೇಡಿ, ರೋಗ ಬಂದದ್ದು ನಿಮ್ಮ ತಪ್ಪಲ್ಲ ಎಂದರು. ಅದರ ಜಾಗೃತಿಯ ಬಣ್ಣ ಗುಲಾಬಿ ಎಂದೂ ಹೇಳಿದರು. ನಾವೆಲ್ಲ ಗುಲಾಬಿ ಸೀರೆ ಉಟ್ಟು ಊರ ಅಗಸಿ ಬಾಗಿಲಿನಿಂದ ಪಂಚಾಯಿತಿಯವರೆಗೆ ಮೆರವಣಿಗೆ ಹೋದೆವು. ಎಲ್ಲರ ಕುಪ್ಪಸ ಹೊಲಿದವಳು ನಾನು. ಮುಂದೆ ಬ್ಯಾನರ್ ಹಿಡಿದವರು ಸಂಘದ ಅಧ್ಯಕ್ಷೆ, ಊರಿನ ದೊಡ್ಡ ಹೊಲಮನೆಯ ಗೌಡಸಾನಿ. ಪೇಪರಿನಲ್ಲಿ ಫೋಟೋ ಬಂತು, ಅದರಲ್ಲಿ ಎಲ್ಲರೂ ನಗುತ್ತಿದ್ದೆವು.

ಮುಂದಿನ ವರ್ಷ ಸಂಸ್ಥೆಯವರು, ರೋಗಿಗಳನ್ನು ಹುಬ್ಬಳ್ಳಿ ಆಸ್ಪತ್ರೆಗೆ ಒಯ್ದು ತರಲು ಒಂದು ವ್ಯಾನು ಕೊಡುತ್ತೇವೆ, ಊರಿನವರೂ ಕೈಲಾದಷ್ಟು ಕೂಡಿಸಬೇಕು ಎಂದರು. ಸಂಘದ ಹೆಂಗಸರು ವಾರಗಟ್ಟಲೆ ರೊಟ್ಟಿ ಬಡಿದೆವು. ಸಂತೆಯ ದಿನ ಶೇಂಗಾ ಚಟ್ನಿಯ ಜೊತೆ ಮಾರಲು ಕುಳಿತು, ‘ಕ್ಯಾನ್ಸರಿನ ವ್ಯಾನಿಗೆ ರೀ’ ಎಂದು ಕೂಗುತ್ತಿದ್ದೆವು. ಕ್ಯಾನ್ಸರ್ ಎಂದರೆ ನಮಗೆಲ್ಲ ಒಂದೇ ಕ್ಯಾನ್ಸರ್. ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿದವಳು ನಮ್ಮ ಅಕ್ಕ. ಅವಳ ಕೈಯ ಕಡಕ್ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು, ಎಲ್ಲಕ್ಕೂ ಮೊದಲು ಅದೇ ಖರ್ಚಾಗುತ್ತಿತ್ತು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು, ಕೂಲಿ ಮಾಡಿ ಹೊಲಿಗೆ ಮಷೀನು ಕೊಡಿಸಿದವಳು ಅವಳೇ. ಗಂಡ ತೀರಿದ ಮೇಲೆ ನನ್ನ ಜೊತೆಗೇ ಇದ್ದಳು. ಪರಕಾರ-ಪೋಲಕ ಹಾಕುವ ಸಣ್ಣ ವಯಸ್ಸಿನಿಂದ ಅವಳು ಗೌಡಸಾನಿಯ ಹೊಲದಲ್ಲಿ ಕಳೆ ತೆಗೆದವಳು, ಹತ್ತಿ ಬಿಡಿಸಿದವಳು, ಮೆಣಸಿನಕಾಯಿ ಹರಿದವಳು. ನಮ್ಮ ಕಡೆ ಕೂಲಿಗೆ ಕರೆಯುವವರು ಕೂಲಿಯ ಜೊತೆ ಇನ್ನೊಂದನ್ನೂ ಕೊಡಬೇಕು. ಅದು ಎಲಿ ಚೀಲ. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಅದರಲ್ಲೇ. ಬೆಳಿಗ್ಗೆ ಸಾಲು ಹಿಡಿದು ಬಗ್ಗಿದ ಹೆಂಗಸರು ಹನ್ನೊಂದರ ಹೊತ್ತಿಗೆ ಹಸಿದು ಸೊಂಟ ಹಿಡಿದುಕೊಂಡಾಗ ಹೊಲದವರು ಬದುವಿಗೆ ಆ ಚೀಲ ತರುತ್ತಾರೆ. ಬಾಯಲ್ಲಿ ಒಂದು ಹೋಳು ತಂಬಾಕು ಬಿದ್ದರೆ ಹಸಿವು ಸಾಯುತ್ತದೆ, ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೆ ಕೈ ಓಡುತ್ತದೆ. ಒಳ್ಳೆಯ ತಂಬಾಕು ಕೊಡುವವರ ಹೊಲಕ್ಕೆ ಆಳು ಬೇಗ ಸಿಗುತ್ತಿತ್ತು. ಗೌಡಸಾನಿಯ ಚೀಲಕ್ಕೆ ಸುತ್ತಲ ಊರುಗಳಲ್ಲೂ ಹೆಸರಿತ್ತು. ಚಿಕ್ಕ ಹುಡುಗಿಯಾಗಿದ್ದ ಅಕ್ಕನ ಕೈಗೆ ಮೊದಲ ಹೋಳು ಇಟ್ಟವರು ಆಗಿನ ಗೌಡಸಾನಿ, ಅಂದರೆ ಈಗಿನವರ ಅತ್ತೆ. ಚೀಲ ಅತ್ತೆಯಿಂದ ಸೊಸೆಗೆ ಬಂತು, ಚಟ ಅಕ್ಕನಲ್ಲೇ ಉಳಿಯಿತು.

ವ್ಯಾನು ಬಂದು ಎರಡು ಮಳೆಗಾಲ ಕಳೆದ ಮೇಲೆ ಅಕ್ಕನ ಗಲ್ಲದ ಒಳಗೊಂದು ಹುಣ್ಣಾಯಿತು. ‘ಖಾರಾ ತಿಂದದ್ದು ಹೆಚ್ಚಾಗೇತಿ, ತಾನ ಮಾಯತೈತಿ’ ಎಂದು ತುಪ್ಪ ಹಚ್ಚಿಕೊಂಡಳು. ಮಾಯಲಿಲ್ಲ. ಬಾಯಿ ಎರಡು ಬೆರಳಿಗಿಂತ ಅಗಲ ತೆರೆಯದಾದಾಗ ನಾನು ಎಳೆದುಕೊಂಡು ಹೋದೆ. ಹುಬ್ಬಳ್ಳಿಯ ಡಾಕ್ಟರು ನೋಡಿದ ಕೂಡಲೇ ಬಾಯಿ ಕ್ಯಾನ್ಸರ್ ಎಂದರು. ಆಪರೇಶನ್ ಸರಕಾರದ ಕಾರ್ಡಿನಲ್ಲಿ ಆಯಿತು, ಸುಳ್ಳು ಹೇಳಬಾರದು. ದವಡೆಯ ಒಂದು ಬದಿ ತೆಗೆದು, ಎದೆಯ ಚರ್ಮ ತಂದು ಗಲ್ಲಕ್ಕೆ ಹಚ್ಚಿದರು. ಇನ್ನು ಆರು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕು, ಶನಿವಾರ ಭಾನುವಾರ ಬಿಟ್ಟು ದಿನಾ ಬರಬೇಕು, ನಡುವೆ ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದರು.

ನನಗೆ ಚಿಂತೆಯೇ ಆಗಲಿಲ್ಲ. ನಮ್ಮ ವ್ಯಾನು ಇತ್ತಲ್ಲ! ದಿನಾ ಬೆಳಿಗ್ಗೆ ಪಂಚಾಯಿತಿಯ ಮುಂದಿನಿಂದ ಅದೇ ಆಸ್ಪತ್ರೆಗೆ ಹೊರಡುತ್ತಿತ್ತು. ಹನ್ನೆರಡು ಸೀಟಿನ ವ್ಯಾನಿನಲ್ಲಿ ಮೂರೋ ನಾಲ್ಕೋ ಜನ ಇರುತ್ತಿದ್ದರು.

ಮೊದಲ ದಿನ ಅಕ್ಕನಿಗೆ ತೊಳೆದ ಸೀರೆ ಉಡಿಸಿ, ಮುಖದ ಅರ್ಧಕ್ಕೆ ಮೆತ್ತನೆಯ ಟವೆಲ್ ಸುತ್ತಿ, ಕರೆದುಕೊಂಡು ಹೋಗಿ ಕಿಟಕಿಯ ಬಾಜೂ ಕೂಡಿಸಿದೆ. ಮುಂದಿನ ಸೀಟಿನಲ್ಲಿ ನಮ್ಮ ಗೆಳತಿ ಕುಳಿತಿದ್ದಳು, ತಪಾಸಣೆಗೆ ಹೊರಟಿದ್ದಳು. ಡ್ರೈವರ್ ಕಾಕಾ ತಲೆ ಕೆರೆದುಕೊಳ್ಳುತ್ತ ಬಂದ.

‘ತಂಗೀ, ಬಾಯಿಂದು ಒಯ್ಯಾಕ ಬರೂದಿಲ್ಲವಾ. ಮೇಡಮ್ಮಾರಿಗೆ ಒಂದ ಮಾತು ಕೇಳು.’

ತನ್ನ ಫೋನಿನಿಂದಲೇ ಹಚ್ಚಿ ಕೊಟ್ಟ. ಮೇಡಂ ದನಿ ಮೆತ್ತಗೇ ಇತ್ತು.

‘ನೋಡ್ರಿ, ನಮ್ಮ ದಾನಿಗಳು ಕೊಟ್ಟಿರೂದು ಸ್ತನ ಕ್ಯಾನ್ಸರಿಗೆ ಅಂತ. ಸಣ್ಣ ಮಕ್ಕಳದ್ದಿದ್ರೂ ಏನರೆ ಮಾಡಬಹುದಿತ್ತು. ತಂಬಾಕಿಂದು ಅಂದ್ರ ಯಾರೂ ಕೊಡಂಗಿಲ್ರಿ. ತಾವ ತಂದುಕೊಂಡ ರೋಗಕ್ಕ ನಾವ್ಯಾಕ ಕೊಡೂಣು ಅಂತಾರ.’

‘ಸೀಟು ಖಾಲಿ ಅದಾವಲ್ರಿ ಮೇಡಂ. ಹೊಸಾದೇನು ಕೇಳಾಕತ್ತಿಲ್ರಿ ನಾ.’

‘ಸೀಟಿನ ಮಾತಲ್ರಿ ಇದು. ನಿಯಮ.’

ನಾನು ಗೆಳತಿಯ ಕಡೆ ನೋಡಿದೆ. ಅವಳೊಂದು ಮಾತು ಆಡುತ್ತಾಳೆ ಎಂದು ಕಾದೆ. ನಾನು ಹೊಲಿದ ಕುಪ್ಪಸವನ್ನೇ ಅವಳು ಹಾಕಿದ್ದಳು. ಅವಳು ಸೆರಗಿನ ತುದಿ ಮೂಗಿಗೆ ಹಿಡಿದು ಕಿಟಕಿಯ ಹೊರಗೆ ನೋಡತೊಡಗಿದಳು. ಅಕ್ಕನ ಗಾಯದಿಂದ ವಾಸನೆ ಬರುತ್ತಿದ್ದದ್ದು ನಿಜ. ಈ ಗೆಳತಿಯ ಗಾಯದಿಂದ ಕೀವು ಸೋರಿದಾಗ ಇದೇ ಅಕ್ಕ ಬಟ್ಟೆ ಒಗೆದು ಹಾಕಿದ್ದೂ ನಿಜ. ನನಗೆ ಅವತ್ತು ಆದಷ್ಟು ಸಿಟ್ಟು ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ. ನಾನು ಬಾಯಿ ತೆಗೆಯುವುದರೊಳಗೆ ಅಕ್ಕ ತಾನೇ ಎದ್ದು, ಬಾಗಿಲಿನ ಕಂಬಿ ಹಿಡಿದು ಮೆಲ್ಲಗೆ ಇಳಿದುಬಿಟ್ಟಳು. ವ್ಯಾನು ಹೋಯಿತು.

ಅವಳನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂಡಿಸಿ ನೇರ ಗೌಡಸಾನಿಯ ಮನೆಗೆ ಹೋದೆ. ನಮ್ಮ ಕೇರಿಯವರು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಈಗಲೂ ಯಾರೂ ಬೇಡ ಎನ್ನುವುದಿಲ್ಲ, ಯಾರೂ ಬಾ ಎನ್ನುವುದೂ ಇಲ್ಲ. ಅಂಗಳದಲ್ಲಿ ನಿಂತೇ ಕೇಳಿದೆ. ಅವರು ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದರು.

‘ಅವ್ವಾರ, ನೀವ ಅಧ್ಯಕ್ಷರು. ನೀವೊಂದು ಮಾತು ಹೇಳಿದ್ರ ಮೇಡಂ ಒಲ್ಲೆ ಅನ್ನಂಗಿಲ್ಲ.’

‘ನಾ ಹೆಂಗ ಹೇಳ್ಲಿಬೇ? ಇಷ್ಟ ವರ್ಷ ತಂಬಾಕ ತಿಂದ್ಳಲ್ಲ ನಿಮ್ಮಕ್ಕ. ಉಪ್ಪು ತಿಂದವ್ರು ನೀರು ಕುಡೀಲೇಬೇಕು.’

‘ಉಪ್ಪು ನೀಡಿದವ್ರು ಯಾರ್ರಿ ಅವ್ವಾರ?’

ಮೊರದಲ್ಲಿದ್ದ ಅವರ ಕೈ ನಿಂತಿತು. ಮೊದಲ ಸಲ ಅವರು ನನ್ನ ಮುಖ ನೋಡಿದರು. ‘ಕೊಟ್ಟದ್ದು ಕೊಟ್ಟೇವಿ, ತಿನ್ನು ಅಂತ ಬಾಯಾಗ ತುರುಕಿಲ್ಲ. ಚೀಲಾ ತರಲಿಲ್ಲಂದ್ರ ನೀವ ಹೊಲಕ್ಕ ಬರತಿದ್ದಿಲ್ಲ’ ಎಂದು ಮತ್ತೆ ಕಾಳಿನ ಕಡೆ ತಿರುಗಿದರು. ಅದರಲ್ಲಿ ಸುಳ್ಳಿಲ್ಲ. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಮಡಿ ಮೈಲಿಗೆ ನಮಗೆ ಹೊಸದಲ್ಲ. ಬಾವಿಗೆ ಇತ್ತು, ಗುಡಿಗೆ ಇತ್ತು, ಚಹಾದ ಕಪ್ಪಿಗೆ ಇತ್ತು. ರೋಗದಲ್ಲೂ ಮಡಿಯ ರೋಗ, ಮೈಲಿಗೆಯ ರೋಗ ಎಂಬ ಭೇದವಿರುವುದು ಮಾತ್ರ ನನಗೆ ಅವತ್ತು ಗೊತ್ತಾಯಿತು.

ಸಂಘದ ಬೇರೆ ಹೆಂಗಸರೂ ನಮ್ಮ ಪರ ನಿಲ್ಲಲಿಲ್ಲ. ಪಕ್ಕದೂರಿನ ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಆಗಿದೆ ಎಂದು ಎಲ್ಲರ ಫೋನಿಗೂ ಫೋಟೋ ಬಂದಾಗ ಇದೇ ಹೆಂಗಸರು ಕಣ್ಣೀರು ಹಾಕಿ ಕೊಟ್ಟಿದ್ದರು. ಅಕ್ಕನೂ ಕೊಟ್ಟಿದ್ದಳು. ಆ ಕೂಸಿಗೆ ಕೊಟ್ಟದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಸಾವಿರ ವರ್ಷ ಬಾಳಲಿ. ಆದರೆ ಕರುಣೆಗೂ ಚೆಂದದ ಮುಖ ಬೇಕು ಎನ್ನುವುದನ್ನು ನಾನು ಇನ್ನೂ ಒಪ್ಪಿಲ್ಲ.

ಮರುದಿನದಿಂದ ಬಸ್ಸು ಹಿಡಿದೆವು. ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಹುಡುಗರು, ಹಾಲಿನ ಕ್ಯಾನಿನವರು, ಕೆಲಸಕ್ಕೆ ಹೋಗುವವರು ತುಂಬಿರುತ್ತಿದ್ದರು. ಅಕ್ಕ ಹತ್ತಿದರೆ ಮಾತ್ರ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಮೊದಮೊದಲು ಮರ್ಯಾದೆಯಿಂದ ಎದ್ದರು ಎಂದುಕೊಂಡಿದ್ದೆ. ಕರೆಂಟು ಕೊಟ್ಟಂತೆಲ್ಲ ಗಲ್ಲ ಸುಟ್ಟು ಕಪ್ಪಾಯಿತು, ಜೊಲ್ಲು ನಿಲ್ಲದಾಯಿತು. ಟವೆಲ್ ಒದ್ದೆಯಾದರೆ ಬದಲಿಸಬೇಕು, ಬದಲಿಸುವಾಗ ಮುಖ ಕಾಣುತ್ತದೆ. ಒಂದು ದಿನ ಯರಗುಪ್ಪಿಯಿಂದ ಹತ್ತಿದ ತಾಯಿಯೊಬ್ಬಳ ತೊಡೆಯ ಮೇಲಿದ್ದ ಕೂಸು ಅಕ್ಕನನ್ನು ನೋಡಿ ಕಿಟಾರನೆ ಚೀರಿತು. ಹುಬ್ಬಳ್ಳಿ ಬರುವವರೆಗೂ ಸುಮ್ಮನಾಗಲಿಲ್ಲ. ಅಕ್ಕನಿಗೆ ಕೂಸುಗಳೆಂದರೆ ಜೀವ. ತನಗೆ ಒಂದೂ ಆಗಿರಲಿಲ್ಲ. ಅವತ್ತು ಅವಳು ಟವೆಲನ್ನು ಕಣ್ಣಿನವರೆಗೂ ಎಳೆದುಕೊಂಡು ಕುಳಿತಳು.

ನಾಲ್ಕನೆಯ ವಾರ ಮುಗಿದ ಮೇಲೆ ಸೋಮವಾರ ಬೆಳಿಗ್ಗೆ ಅವಳು ಎದ್ದು ತಯಾರಾಗಲಿಲ್ಲ. ಅವಳ ಮಾತು ಆಗ ನನಗೊಬ್ಬಳಿಗೇ ತಿಳಿಯುತ್ತಿತ್ತು.

‘ನಾ ಒಲ್ಲೆವಾ. ಕೂಸುಗೋಳು ಅಂಜತಾವು.’

‘ಅಂಜಲಿ ಬಿಡು! ಇನ್ನ ಎರಡ ವಾರ ಉಳದಾವು. ಹೋಗೂಣು ಏಳು ಅಕ್ಕಾ, ನಿನ್ನ ಕಾಲು ಬೀಳತೇನಿ.’

ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಬೈದೆ, ಅತ್ತೆ, ಕೈ ಹಿಡಿದು ಜಗ್ಗಿದೆ. ಬಾಡಿಗೆ ಗಾಡಿ ದಿನಾ ಮಾಡುವ ತಾಕತ್ತು ನನಗೆ ಇರಲಿಲ್ಲ. ಅವತ್ತೂ ನಮ್ಮ ಅಂಗಡಿಯ ಮುಂದಿನಿಂದಲೇ ಆ ವ್ಯಾನು ಹಾರ್ನ್ ಹಾಕಿಕೊಂಡು ಹೋಯಿತು, ಒಳಗೆ ಇಬ್ಬರೇ ಇದ್ದರು. ಮಳೆ ಬೀಳುವ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಹಿಂಗಾರಿ ಜೋಳ ತೆನೆ ಬಿಡುವಾಗ ಅಕ್ಕ ಹೋದಳು. ಪೂರ್ತಿ ಮಾಡಿಸಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರಿಗೆ ಕೇಳಿದೆ. ಹೇಳಾಕ ಬರೂದಿಲ್ಲ ಎಂದರು. ಬರುವುದಿಲ್ಲವೆಂದು ನನಗೂ ಗೊತ್ತು, ಆದರೂ ದಿನಾ ಕೇಳಿಕೊಳ್ಳುತ್ತೇನೆ.

ಅಕ್ಕನ ದಿನಕರ್ಮ ಮಾಡಿದ ಮೇಲೆ ಗೆಳತಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ‘ನಾ ಮಾತಾಡಿದ್ರ ನನ್ನ ಸೀಟೂ ಹೋಕ್ಕಿತ್ತವಾ. ಅಂಜಿದೆ’ ಎಂದು ಅತ್ತಳು. ಹೋಗುತ್ತಿತ್ತೋ ಏನೋ. ಅವಳ ಹೊಸ ಕುಪ್ಪಸದ ಬಟ್ಟೆ ತೆಗೆದುಕೊಂಡೆ. ಮೊದಲ ಸಲ ಮಜೂರಿ ಕೇಳಿದೆ, ಕೊಟ್ಟು ಹೋದಳು.

ಹೋದ ವರ್ಷ ಮೇಡಂ ಮತ್ತು ಗೌಡಸಾನಿ ಇಬ್ಬರೂ ಕೂಡಿ ನನ್ನ ಅಂಗಡಿಗೆ ಬಂದರು. ಸಂಸ್ಥೆಗೆ ಈಗ ಬಾಯಿ ಕ್ಯಾನ್ಸರಿನ ಜಾಗೃತಿಗೂ ಸ್ವಲ್ಪ ಹಣ ಬಂದಿದೆಯಂತೆ. ನನಗೆ ಒಂದು ಗಳಿಗೆ ಎದೆ ಅರಳಿತು. ‘ವ್ಯಾನಿನ್ಯಾಗ ಕರಕೊಂಡು ಹೋಗ್ತೀರೇನ್ರಿ ಇನ್ನ?’ ಎಂದೆ.

‘ಅಲ್ರಿ, ಪೋಸ್ಟರಿಗಷ್ಟ ಬಂದೈತಿ. ನಿಮ್ಮಕ್ಕಂದು ಆಪರೇಶನ್ ಆದಮ್ಯಾಲಿಂದು ಒಂದು ಫೋಟೋ ಬೇಕಾಗಿತ್ರಿ. ಗಾಯ ಕಾಣೂ ಹಂಗ ಇರಬೇಕು’ ಎಂದರು ಮೇಡಂ.

ಒಳಗೆ ಹೋದೆ. ಅಕ್ಕ ಬ್ಯಾಂಕಿನ ಖಾತೆಗೆಂದು ಕುಂದಗೋಳದ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಟ್ರಂಕಿನಲ್ಲಿತ್ತು. ಫೋಟೋದವನು ಏನೋ ಚೇಷ್ಟೆ ಮಾಡಿರಬೇಕು, ನಗು ತಡೆಯಲಾರದೆ ಎರಡೂ ಗಲ್ಲ ಉಬ್ಬಿಸಿಕೊಂಡಿದ್ದಾಳೆ. ಅದನ್ನು ತಂದು ಮೇಡಂ ಕೈಗೆ ಕೊಟ್ಟೆ.

‘ಇದ ಬ್ಯಾಡ್ರಿ. ಇದನ್ನ ನೋಡಿ ಯಾರ ಅಂಜತಾರ್ರಿ?’

‘ನಿಮ್ಮ ಗುಲಾಬಿ ಪೋಸ್ಟರಿನ್ಯಾಗ ಎಲ್ಲಾರೂ ನಗತಿರತಾರಲ್ರಿ. ನಮ್ಮಕ್ಕನ್ನೂ ನಗಸ್ರಿ.’

‘ಅದು ಬ್ಯಾರೇರಿ.’

‘ಹೆಂಗ ಬ್ಯಾರೆ? ಹೇಳ್ರಿ, ಕೇಳತೇನಿ.’

ಮೇಡಂ ಗೌಡಸಾನಿಯನ್ನು ನೋಡಿದರು. ಗೌಡಸಾನಿ ಫೋಟೋದ ಕಡೆ ನೋಡಲೇ ಇಲ್ಲ, ಚಪ್ಪಲಿ ಮೆಟ್ಟಿಕೊಂಡರು. ನಾನು ಫೋಟೋ ವಾಪಸು ತೆಗೆದುಕೊಂಡೆ.

ಈಗ ಪಂಚಾಯಿತಿ ಗೋಡೆಗೆ ಬೇರೆ ಯಾರದೋ ಮುಖ ಹಚ್ಚಿದ್ದಾರೆ. ಕಣ್ಣಿಗೆ ಕರಿ ಪಟ್ಟಿ ಬಳಿದು, ಹರಿದ ಗಲ್ಲವನ್ನಷ್ಟೇ ದೊಡ್ಡದು ಮಾಡಿದ್ದಾರೆ. ಹೆಂಗಸೇ ಇರಬೇಕು, ಕಿವಿಯಲ್ಲಿ ಬೆಂಡೋಲೆ ಇದೆ. ಜನ ಅಂಜುವುದಿಲ್ಲ, ಮುಖ ತಿರುಗಿಸಿ ಹೋಗುತ್ತಾರೆ. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ನಿಂತು ನೋಡುತ್ತೇನೆ. ಇವಳನ್ನು ಯಾರಾದರೂ ಆಸ್ಪತ್ರೆಗೆ ಕರೆದೊಯ್ದರೇ ಎಂದು ಕೇಳಬೇಕು ಅನ್ನಿಸುತ್ತದೆ. ಯಾರನ್ನು ಕೇಳುವುದು, ಅವಳ ಹೆಸರನ್ನೂ ಹಾಕಿಲ್ಲ.