ಟೊಕ್ತೊಸುನನಿಗೆ ಕಾಣದ ಕಾರ್ಡು
ಓಶ್ ಪಟ್ಟಣದ ನಮ್ಮ ವಠಾರದಲ್ಲಿ ಯಾರು ಹೊಸ ಕಂಪ್ಯೂಟರ್ ಕೊಂಡರೂ ಬಿಡಿಭಾಗಗಳನ್ನು ಹೊತ್ತುಕೊಂಡು ಟೊಕ್ತೊಸುನನ ಮನೆಗೇ ಹೋಗಬೇಕು. ಅವನು ಗತ್ತಿನಿಂದ ಜೋಡಿಸುತ್ತಾನೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಮಾತ್ರ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಆಗ ಅವನು ಕಾರ್ಡು ಮಾಡಿದವರನ್ನು, ಕರೆಂಟನ್ನು, ಕೊನೆಗೆ ಬೆಟ್ಟದಿಂದ ಬೀಸುವ ಗಾಳಿಯನ್ನೂ ಬೈಯುತ್ತಾನೆ. "ರೀ, ಕಾರ್ಡು ಸರಿಯಾಗಿ ಕೂತಿಲ್ಲ ಅನ್ಸುತ್ತೆ" ಎಂದು ಹೆಂಡತಿ ಐಚುರೆಕ್ ಅಂದರೆ, "ನಿಂಗೇನೇ ಗೊತ್ತು? ಹೋಗಿ ಟೀ ಮಾಡು" ಎಂದು ಗದರಿ, ಸಿಗರೇಟು ಸೇದಲು ಅಂಗಳಕ್ಕಿಳಿಯುತ್ತಾನೆ. ಅವನು ಮರಳುವಷ್ಟರಲ್ಲಿ ಅವಳು ಕಾರ್ಡನ್ನು ಟಕ್ಕೆನ್ನುವಂತೆ ಒತ್ತಿರುತ್ತಾಳೆ, ಪರದೆ ಬೆಳಗಿರುತ್ತದೆ. "ನೋಡಿದ್ರಾ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ!" ಎಂದು ಅವನು ಟೋಪಿ ಸರಿಮಾಡಿಕೊಳ್ಳುತ್ತಾನೆ. ಕಳೆದ ಚಳಿಗಾಲ ಐಚುರೆಕ್ ಹೃದಯದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದಾಗ ನಾನೂ ನನ್ನ ಬಿಡಿಭಾಗಗಳ ಪೆಟ್ಟಿಗೆ ಹೊತ್ತು ಹೋದೆ. ಅವನು ಅದನ್ನು ಬಿಚ್ಚಲೇ ಇಲ್ಲ. "ಅವಳು ಬರ್ಲಿ ಕಣೋ," ಎಂದ, "ಕಾರ್ಡು ಕೂರಿಸೋದು ನಂಗೆಲ್ಲಿ ಬರುತ್ತೆ?"