ಪಾದ್ರಿ ಕೊಟ್ಟ ಹೆಸರು

ಸ್ಯಾನ್ ಡಿಯಾಗೊದಲ್ಲಿ ಪೋರ್ಚುಗೀಸ್ ಮೀನುಗಾರರ ಹಳೆಯ ಕೇರಿಯೊಂದಿದೆ. ಹೋದ ಶನಿವಾರ ಅಲ್ಲಿನ ಬೇಕರಿಯೊಂದರ ಮುಂದೆ ಕಾರಿನ ಬಾಗಿಲು ತೆಗೆದೆ, ಹುಳಿ ಬಂದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬ್ರೆಡ್ಡಿಗೆಂದು ಹೋದವನು ಹತ್ತು ನಿಮಿಷ ಕಾರಿನಲ್ಲೇ ಕೂತುಬಿಟ್ಟೆ. ನಿಮಗೂ ಹೀಗೆ ಆಗಿರುತ್ತದೆ. ಇಲ್ಲದ ಮನೆಯೊಂದು ಬಂದು ಪಕ್ಕದ ಸೀಟಿನಲ್ಲಿ ಕೂರುತ್ತದೆ.

ಹಾಸನದಲ್ಲಿ ನಮ್ಮದು ಬೇಕರಿ ಮನೆ. ಮುಂದೆ ಅಂಗಡಿ, ಹಿಂದೆ ಒಲೆ, ನಡುವೆ ಒಂಬತ್ತು ಜನ. ಒಳಗೆ ಕೊಂಕಣಿ, ಗಲ್ಲಾಪೆಟ್ಟಿಗೆಯ ಹತ್ತಿರ ಕನ್ನಡ. ಅಜ್ಜಿ ಹಿಟ್ಟಿಗೆ ಸೇಂದಿ ಹಾಕಿ ನಾದಿ, ಗೋಣಿ ಹೊದಿಸಿ, ಮಗುವನ್ನು ಮಲಗಿಸುವಂತೆ ಮೆಲ್ಲಗೆ ತಟ್ಟುತ್ತಿದ್ದರು. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಪಿರೇರಾ’. ಯಾವುದೋ ಕಾಲದಲ್ಲಿ ಆ ಹೆಸರಿನ ಪಾದ್ರಿ ನಮ್ಮ ಹಿರಿಯನೊಬ್ಬನ ತಲೆಗೆ ಜ್ಞಾನಸ್ನಾನದ ನೀರು ಹಾಕಿ ತನ್ನ ಹೆಸರನ್ನೇ ಕೊಟ್ಟು ಹೋದನಂತೆ. ಪೋರ್ಚುಗೀಸರ ಮಾತಿನಲ್ಲಿ ಅದು ಪೇರ್ ಹಣ್ಣಿನ ಮರ. ನಮ್ಮ ಮನೆಯಲ್ಲಿ ಒಬ್ಬರೂ ಆ ಮರ ಕಂಡವರಲ್ಲ. ಕೇಳಿದರೆ ಅಜ್ಜಿ, “ಹಣ್ಣು ನೋಡದಿದ್ರೆ ಏನೀಗ? ಹೆಸರು ಅನ್ನ ಹಾಕಿಲ್ವಾ?” ಎಂದು ಬಿಸಿ ಬನ್ನು ಕೈಗಿಡುತ್ತಿದ್ದರು.

ಲಾಸ್ ಏಂಜಲೀಸಿಗೆ ಬಂದ ಮೇಲೆ ಆ ಹೆಸರೇ ನನಗೆ ಸುಸ್ತು ತಂದಿತು. ಆಫೀಸಿನಲ್ಲಿ ಹೆಸರು ನೋಡಿ ಸ್ಪ್ಯಾನಿಷ್‌ನಲ್ಲಿ ಮಾತಾಡಿಸುವರು. ಕನ್ನಡ ಕೂಟದಲ್ಲಿ, “ನೀವು ಕನ್ನಡದೋರಾ?” ಎಂದು ಊಟದ ಸಾಲಿನಲ್ಲಿ ವಿಚಾರಣೆ. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡುವಾಗ, ಹೆಸರು ಬದಲಿಸಬೇಕೇ ಎಂಬ ಪ್ರಶ್ನೆ ಫಾರ್ಮಿನಲ್ಲೇ ಇತ್ತು. ಇಲ್ಲೇ ಪೋರ್ಟರ್ ರ್ಯಾಂಚ್‌ನಲ್ಲಿರುವ ದೊಡ್ಡಪ್ಪನ ಮಗ ವಿಲ್ಸನ್ ಹೇಳಿದ, “ನಾವು ಮೂಲದಲ್ಲಿ ಪ್ರಭುಗಳು ಮಾರಾಯ. ಬ್ರಾಹ್ಮಣರು. ವಾಪಸ್ ತಗೋ.” ನಮ್ಮವರಲ್ಲಿ ಯಾರ ಮನೆಗೆ ಹೋಗಿ, ಮೂಲದಲ್ಲಿ ಎಲ್ಲರೂ ಬ್ರಾಹ್ಮಣರೇ. ಅದು ಗೊತ್ತಿದ್ದೂ ನಾನು ನಂಬಿದೆ. ನಂಬಲು ಆಸೆಯಿತ್ತು, ಅಷ್ಟೇ. ಪ್ರಮಾಣವಚನದ ದಿನ ರೊನಾಲ್ಡ್ ಪ್ರಭು ಆಗಿ ಹೊರಬಂದೆ. ಮಗಳು ಅನಿತಾ ಫೋನಿನಿಂದ ತಲೆ ಎತ್ತದೆ, “ಓಕೆ ಪಪ್ಪಾ, ಬಟ್ ಐ ಆ್ಯಮ್ ಸ್ಟಿಲ್ ಪಿರೇರಾ,” ಎಂದಳು.

ಹಾಸನದಲ್ಲಿ ಉಳಿದಿದ್ದವರು ಮದುವೆಯಾಗದ ಫ್ಲೋರಾ ಅತ್ತೆ ಒಬ್ಬರೇ. ಹೆಮ್ಮೆಯಿಂದ ಫೋನ್ ಮಾಡಿದೆ. ಅತ್ತೆ ಮೊದಲು ನಕ್ಕರು, ಆಮೇಲೆ ಕೇಳಿದರು.

“ಪ್ರಭುಗಳಾ? ಪ್ರಭುಗಳ ಮನೆಗೆ ನಮ್ಮವ್ರು ನೀರು ಹೊರ್ತಿದ್ರು ರೋನಿ. ಅಂಗಳ ದಾಟಿ ಒಳಗೆ ಬಿಡ್ತಿರಲಿಲ್ಲ ಅಂತ ಅಪ್ಪ ಹೇಳ್ತಿದ್ರು. ನಮ್ಮನ್ನ ‘ಏ, ಬಾರೋ’ ಅಂತ ಕರೆಯೋದು ಬಿಟ್ಟು ಹೆಸರಿಟ್ಟು ಕರೆದಿದ್ದು ಆ ಪಾದ್ರಿಯೇ ಮೊದಲು. ನೀನು ಅದನ್ನ ಬಿಸಾಕಿ ಅವರದ್ದನ್ನ ಇಟ್ಕೊಂಡ್ಯಾ?”

ಮತ್ತೆ ಬದಲಿಸಬೇಕೆಂದರೆ ಕೋರ್ಟು, ಪಾಸ್‌ಪೋರ್ಟು, ಲೈಸೆನ್ಸು, ಬ್ಯಾಂಕು. ಮುಂದಿನ ವರ್ಷ ನೋಡೋಣ ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಬೇಕರಿ ಒಡೆದರು, ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಈ ಏಪ್ರಿಲ್‌ನಲ್ಲಿ ಅತ್ತೆಯೂ ಹೋದರು. ನನಗೆ ಹೋಗಲಾಗಲಿಲ್ಲ. ಊರಿಗೆ ಹೋಗಿ ಅತ್ತೆಯ ಪ್ರಾರ್ಥನೆಯ ಕಾರ್ಡಿಗೆ ಮನೆಯವರ ಹೆಸರುಗಳನ್ನು ಕೂಡಿಸುತ್ತಿದ್ದ ತಂಗಿ ಫೋನಿನಲ್ಲಿ ಕೇಳಿದಳು, “ಅಣ್ಣ, ನಿನ್ನದು ಹೇಗೆ ಹಾಕಿಸ್ಲಿ?”

“ಬರೀ ರೊನಾಲ್ಡ್ ಅಂತ ಹಾಕಿಸು,” ಎಂದೆ.

ಕಾರ್ಡಿನ ಫೋಟೊ ವಾಟ್ಸಾಪಿನಲ್ಲಿ ಬಂತು. ವಿಲ್ಸನ್ ಪಿರೇರಾ, ಅನಿತಾ ಪಿರೇರಾ, ದುಃಖದಲ್ಲಿರುವವರೆಲ್ಲ ಪಿರೇರಾ. ನಡುವೆ ಒಂದು ರೊನಾಲ್ಡ್, ಯಾರ ಮನೆಯವನೋ ಎಂಬಂತೆ.